ಆಲ್ ವೀಲ್ ಡ್ರೈವ್ ಗಾಡಿಗೆ ಟೈರ್ ಒಂದು ಹಾಕಿಸಬೇಕಾ, ಎರಡಾ, ನಾಲ್ಕೂನಾ? ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಟೈರ್ ಸವೆದು ಹೋಗುವುದಕ್ಕಿಂತ ಸೀಳಿ ಹೋಗುವುದೇ ಜಾಸ್ತಿ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಆದ ಮೇಲೆ ತೋಟದ ದಾರಿಯಲ್ಲಿ ಉಳಿದ ಚೂಪು ಕೂಳೆ, ಮಳೆಗೆ ಮಣ್ಣು ಕೊಚ್ಚಿಹೋಗಿ ಎದ್ದು ನಿಂತ ಜಲ್ಲಿ, ಘಾಟಿಯಲ್ಲಿ ಬಸ್ಸಿಗೆ ದಾರಿ ಬಿಡಲು ಇಳಿದಾಗ ಸಿಗುವ ಒಡೆದ ಟಾರಿನ ಅಂಚು. ಸೈಡ್‌ವಾಲ್‌ಗೆ, ಅಂದರೆ ಟೈರಿನ ಪಕ್ಕದ ಗೋಡೆಗೆ ಇಂಥ ಒಂದು ಏಟು ಬಿದ್ದರೆ ಆ ಟೈರಿನ ಕಥೆ ಮುಗಿಯಿತು. ಉಳಿದ ಮೂರು ಇನ್ನೂ ಗಟ್ಟಿಯಾಗಿಯೇ ಇರುತ್ತವೆ.

ಆಗ ಶುರುವಾಗುತ್ತದೆ ಗೊಂದಲ. ಟೈರ್ ಅಂಗಡಿಯವರು "ಒಂದು ಸಾಕು ಸಾರ್" ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಡ್ರೈವರ್ "ಜೋಡಿ ಹಾಕಿಸಿ, ಒಂಟಿ ಒಳ್ಳೆಯದಲ್ಲ" ಅನ್ನುತ್ತಾರೆ. ಶೋರೂಮಿಗೆ ಫೋನ್ ಮಾಡಿದರೆ "ನಾಲ್ಕೂ ಬದಲಾಯಿಸಿ" ಎಂಬ ಉತ್ತರ. ಮೂರೂ ಮಾತು ಒಂದೊಂದು ಸಂದರ್ಭಕ್ಕೆ ಸರಿ. ನಿಮ್ಮ ಗಾಡಿಗೆ ಯಾವುದು ಸರಿ ಎಂಬುದನ್ನು ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳ ಆಳ ಅಳೆದೇ ತೀರ್ಮಾನಿಸಬೇಕು. ಅಳೆಯದೆ ಯಾರು ಏನು ಹೇಳಿದರೂ ಅದು ಅಂದಾಜು ಮಾತ್ರ.

ಟೈರ್ ಸಣ್ಣದಾದರೆ ಗಾಡಿಗೇನು ತೊಂದರೆ?

ಟೈರ್ ಸವೆದರೆ ಅದರ ಸುತ್ತಳತೆ ಕಡಿಮೆಯಾಗುತ್ತದೆ. ಬಟನ್ ಒಂದು ಮಿ.ಮೀ. ಸವೆದರೆ ಸುತ್ತಳತೆ ಸುಮಾರು 6.3 ಮಿ.ಮೀ. ಇಳಿಯುತ್ತದೆ. ಗ್ರಾಂಡ್ ವಿಟಾರಾ, ಹೈರೈಡರ್‌ಗೆ ಬರುವ 215/60 ಆರ್17 ಟೈರ್ ತೆಗೆದುಕೊಳ್ಳಿ. ಹೊಸದರ ಸುತ್ತಳತೆ ಲೆಕ್ಕದ ಪ್ರಕಾರ ಸುಮಾರು 2,167 ಮಿ.ಮೀ. ಅದೇ ಟೈರ್ 4 ಮಿ.ಮೀ. ಸವೆದಿದ್ದರೆ ಸುಮಾರು 2,142. ಒಂದು ಸುತ್ತಿಗೆ 25 ಮಿ.ಮೀ. ವ್ಯತ್ಯಾಸ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಕಿಲೋಮೀಟರಿಗೆ ಸವೆದ ಟೈರ್ ಐದು ಸುತ್ತು ಜಾಸ್ತಿ ತಿರುಗಬೇಕು. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿ.ಮೀ. ಅಷ್ಟು ದೂರಕ್ಕೆ 300ಕ್ಕೂ ಹೆಚ್ಚು ಸುತ್ತು.

ಎರಡೇ ಚಕ್ರಕ್ಕೆ ಎಳೆತ ಇರುವ ಕಾರಿನಲ್ಲಿ ಮುಂದಿನ ಚಕ್ರ ಎಷ್ಟು ತಿರುಗಿತು ಎಂದು ಹಿಂದಿನದಕ್ಕೆ ಗೊತ್ತೇ ಆಗುವುದಿಲ್ಲ. ಆಲ್ ವೀಲ್ ಡ್ರೈವ್‌ನಲ್ಲಿ ಹಾಗಲ್ಲ. ಮುಂದಿನ ಹಿಂದಿನ ಎರಡು ಆಕ್ಸಲ್‌ಗಳನ್ನೂ (ಅಚ್ಚುಗಳನ್ನೂ) ಒಂದು ಶಾಫ್ಟ್ ಕಟ್ಟಿಹಾಕಿರುತ್ತದೆ. ಜೋಡಿ ಎತ್ತಿನಲ್ಲಿ ಒಂದು ಉದ್ದ ಹೆಜ್ಜೆ, ಇನ್ನೊಂದು ಗಿಡ್ಡ ಹೆಜ್ಜೆ ಹಾಕಿದರೆ ಹೊಡೆತ ಬೀಳುವುದು ನೊಗಕ್ಕೆ. ಇಲ್ಲಿಯೂ ವ್ಯತ್ಯಾಸದ ಭಾರವೆಲ್ಲ ಮುಂದೆ ಹಿಂದೆ ಎಳೆತ ಹಂಚುವ ನಡುವಿನ ಕಪ್ಲಿಂಗ್ ಅಥವಾ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳುತ್ತದೆ. ಒಳಗಿನ ಕ್ಲಚ್ ಪ್ಲೇಟ್‌ಗಳು ನೆಟ್ಟನೆ ದಾರಿಯಲ್ಲೂ ಉಜ್ಜುತ್ತಲೇ ಇರುತ್ತವೆ, ಎಣ್ಣೆ ಕಾಯುತ್ತದೆ. ಇದು ಒಂದೇ ದಿನಕ್ಕೆ ಕೆಡುವ ವಿಷಯವಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಆದರೆ ಕೆಟ್ಟ ಮೇಲೆ ಬರುವ ಬಿಲ್ಲಿನ ಮುಂದೆ ಟೈರಿನ ಖರ್ಚು ಸಣ್ಣದಾಗಿ ಕಾಣುತ್ತದೆ.

ಹೆಜ್ಜೆ 1: ನಿಮ್ಮ ಗಾಡಿ ಯಾವ ಜಾತಿಯದು ನೋಡಿ

"ಫೋರ್ ಬೈ ಫೋರ್" ಎಂಬ ಒಂದೇ ಹೆಸರಿನಲ್ಲಿ ನಾವು ಬೇರೆ ಬೇರೆ ವ್ಯವಸ್ಥೆಗಳನ್ನು ಕರೆಯುತ್ತೇವೆ. ಟೈರಿನ ವಿಷಯದಲ್ಲಿ ಅವು ಒಂದೇ ಅಲ್ಲ.

ಥಾರ್, ಜಿಮ್ನಿ, ಸ್ಕಾರ್ಪಿಯೋ-ಎನ್ ಫೋರ್ ಬೈ ಫೋರ್, ಈಗಿನ ಫಾರ್ಚೂನರ್ ಫೋರ್ ಬೈ ಫೋರ್, ತೋಟಗಳಲ್ಲಿ ಇವತ್ತಿಗೂ ದುಡಿಯುವ ಹಳೆಯ ಮಹೀಂದ್ರಾ ಜೀಪು ಮತ್ತು ಜಿಪ್ಸಿ, ಇವೆಲ್ಲ ಪಾರ್ಟ್ ಟೈಮ್. ಲಿವರ್ ಅಥವಾ ನಾಬ್‌ನಿಂದ ನೀವೇ ಹಾಕಿದರೆ ಮಾತ್ರ ನಾಲ್ಕೂ ಚಕ್ರಕ್ಕೆ ಎಳೆತ. ಟೂ ಎಚ್‌ನಲ್ಲಿ, ಅಂದರೆ ಎರಡೇ ಚಕ್ರದ ಎಳೆತದಲ್ಲಿ ಓಡುವಾಗ ಮುಂದಿನ ಆಕ್ಸಲ್ ಸುಮ್ನೆ ಉರುಳುತ್ತಿರುತ್ತದೆ.

ಎಕ್ಸ್‌ಯುವಿ700, ಗ್ರಾಂಡ್ ವಿಟಾರಾ ಆಲ್‌ಗ್ರಿಪ್, ಹೈರೈಡರ್, ಕಂಪಾಸ್, ಟೂಸಾನ್, ಹಳೆಯ ಡಸ್ಟರ್, ಇವುಗಳ ಆಲ್ ವೀಲ್ ಡ್ರೈವ್ ಮಾದರಿಗಳಲ್ಲಿ ಕಂಪ್ಯೂಟರೇ ತೀರ್ಮಾನ ಮಾಡುತ್ತದೆ. ಚಕ್ರಗಳ ವೇಗದಲ್ಲಿ ವ್ಯತ್ಯಾಸ ಕಂಡರೆ ಜಾರುತ್ತಿದೆ ಎಂದುಕೊಂಡು ಕಪ್ಲಿಂಗ್ ಕಚ್ಚಿಸುತ್ತದೆ. ಟೈರ್ ಸಣ್ಣದಾಗಿದೆಯೋ ಚಕ್ರ ಜಾರುತ್ತಿದೆಯೋ ಎಂಬುದು ಅದಕ್ಕೆ ಯಾವಾಗಲೂ ಸರಿಯಾಗಿ ತಿಳಿಯುವುದಿಲ್ಲ. ಈ ಲೇಖನದ ಬಹುಪಾಲು ಇಂಥ ಗಾಡಿಗಳಿಗೆ.

ನಡುವೆ ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇರುವ ಫುಲ್ ಟೈಮ್ ಗಾಡಿಗಳೂ ಇವೆ. ಅವಕ್ಕೂ ಇದೇ ನಿಯಮ ಅನ್ವಯಿಸಿ. ಹ್ಯಾರಿಯರ್ ಇವಿಯ ಎರಡು ಮೋಟಾರಿನ ಮಾದರಿಯಲ್ಲಿ ಮುಂದೆ ಹಿಂದೆ ಕೂಡಿಸುವ ಶಾಫ್ಟೇ ಇಲ್ಲ. ಅಲ್ಲಿ ಗೇರುಗಳ ತೊಂದರೆ ಕಡಿಮೆ. ಆದರೂ ಬ್ರೇಕ್, ಟ್ರ್ಯಾಕ್ಷನ್ ಲೆಕ್ಕವೆಲ್ಲ ಚಕ್ರದ ವೇಗದ ಮೇಲೇ ನಿಂತಿರುವುದರಿಂದ ಕಂಪನಿ ಹೇಳಿದ್ದನ್ನು ಮೀರಬೇಡಿ.

ಹೆಜ್ಜೆ 2: ಹೋದ ಟೈರ್ ನಿಜಕ್ಕೂ ಹೋಗಿದೆಯಾ?

ಹೊಸ ಟೈರಿನ ಮಾತಿಗೆ ಮೊದಲು ಇದನ್ನು ನೋಡಿ. ನೆಲಕ್ಕೆ ತಾಗುವ ಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಾಗಿದ್ದರೆ ಸಾಮಾನ್ಯವಾಗಿ ರಿಪೇರಿ ಆಗುತ್ತದೆ. ಹೊರಗಿನಿಂದ ಚುಚ್ಚುವ ಬತ್ತಿ ಊರು ಸೇರಲು ಸಾಕು. ಪೂರ್ತಿ ರಿಪೇರಿ ಎಂದರೆ ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕುವುದು. ಸೈಡ್‌ವಾಲ್ ಸೀಳಿದ್ದರೆ, ಉಬ್ಬಿದ್ದರೆ, ಒಳಗಿನ ದಾರ ಕಾಣುತ್ತಿದ್ದರೆ ರಿಪೇರಿ ಬೇಡವೇ ಬೇಡ. ಚಾರ್ಮಾಡಿ, ಶಿರಾಡಿ ಇಳಿಯುವ ಗಾಡಿಯಲ್ಲಿ ಅಂಥ ಟೈರ್ ಇಟ್ಟುಕೊಳ್ಳಬಾರದು. ಗಾಳಿ ಹೋದ ಮೇಲೂ ಸ್ವಲ್ಪ ದೂರ ಓಡಿಸಿದ್ದರೆ ಒಳಗಡೆ ರಬ್ಬರ್ ಪುಡಿ ಉದುರಿದೆಯಾ ನೋಡಿಸಿ. ಪುಡಿ ಇದ್ದರೆ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದು ಮುಗಿದ ಟೈರೇ.

ಹೆಜ್ಜೆ 3: ಅಳೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಅರ್ಧ ಗಂಟೆ ಬೇಕು, ಅಷ್ಟೇ.

ಟ್ರೆಡ್ ಡೆಪ್ತ್ ಗೇಜ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಅದರ ಹಿಂಬದಿ ಕಡ್ಡಿಯಿಂದಲೂ ಆಳ ಅಳೆಯಬಹುದು. ಎರಡೂ ಇಲ್ಲದಿದ್ದರೆ ಬೆಂಕಿಕಡ್ಡಿ ಸಾಕು. ಮದ್ದಿಲ್ಲದ ತುದಿಯನ್ನು ಬಟನ್ ನಡುವಿನ ಉದ್ದನೆಯ ಕಾಲುವೆಯ ತಳ ಮುಟ್ಟುವಂತೆ ಇಳಿಬಿಡಿ. ಮೇಲೆ ಬಟನ್ ಸಮಕ್ಕೆ ಉಗುರಿನಿಂದ ಗುರುತು ಒತ್ತಿ, ಹೊರತೆಗೆದು ಸ್ಕೇಲಿನ ಮೇಲಿಡಿ. ಅರ್ಧ ಮಿ.ಮೀ. ಆಚೀಚೆ ಬರಬಹುದು, ಆದರೂ ಏನೂ ಇಲ್ಲದಕ್ಕಿಂತ ಎಷ್ಟೋ ಮೇಲು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡ ದಿಣ್ಣೆ ಇರುತ್ತದೆ. ಅದು ಸವೆತ ತೋರಿಸುವ ಗುರುತು, ಅದರ ಮೇಲೆ ಕಡ್ಡಿ ಇಡಬೇಡಿ.

ಒಂದೊಂದು ಟೈರಿನಲ್ಲೂ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ಚಕ್ರ ಸ್ವಲ್ಪ ತಿರುಗಿಸಿ ಇನ್ನೊಂದು ಜಾಗದಲ್ಲೂ ನೋಡಿ. ಸ್ಟೆಪ್ನಿಯನ್ನು ಮರೆಯಬೇಡಿ. ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ: ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ, ಸ್ಟೆಪ್ನಿ. ಹೊಸ ಟೈರಿನ ಆಳ ಸಾಮಾನ್ಯ ರಸ್ತೆ ಟೈರಿನಲ್ಲಿ 8 ಮಿ.ಮೀ. ಆಸುಪಾಸು. ಆಲ್ ಟೆರೇನ್ ಟೈರಿನಲ್ಲಿ ಇನ್ನೂ ಜಾಸ್ತಿ. ಅಂಗಡಿಯಲ್ಲಿ ನಿಮಗೆ ಕೊಡುವ ಟೈರಿನ ಮೇಲೇ ಗೇಜ್ ಇಟ್ಟು ನೋಡಿದರೆ ಅನುಮಾನವೇ ಇರುವುದಿಲ್ಲ.

ಒಳ ಅಂಚು ಮಾತ್ರ ಹೆಚ್ಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿ ಮಾಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ.

ಇನ್ನೂ ಖಚಿತವಾಗಿ ಬೇಕು ಅನ್ನುವವರಿಗೆ ಕಾಫಿ ಕಣದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಮತಟ್ಟಾದ ಸಿಮೆಂಟ್ ನೆಲ, ಉದ್ದಕ್ಕೆ ಜಾಗ. ಗಾಳಿ ಸರಿಯಾಗಿ ತುಂಬಿ, ಒಂದೇ ಪಕ್ಕದ ಮುಂದಿನ ಹಿಂದಿನ ಟೈರುಗಳು ನೆಲಕ್ಕೆ ತಾಗುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ನೆಲದ ಮೇಲೂ ಅದರ ನೇರಕ್ಕೆ ಗೆರೆ ಹಾಕಿ. ಗಾಡಿಯನ್ನು ನೆಟ್ಟಗೆ, ನಿಧಾನವಾಗಿ ಮುಂದೆ ಬಿಡಿ. ಒಂದೊಂದು ಚಕ್ರವೂ ಐದು ಸುತ್ತು ಮುಗಿಸಿ ಅದರ ಗೆರೆ ಮತ್ತೆ ನೆಲಕ್ಕೆ ಬಂದ ಜಾಗವನ್ನು ಗುರುತು ಮಾಡಿ, ಶುರುವಿನಿಂದ ಟೇಪ್ ಹಿಡಿಯಿರಿ. ಮುಂದಿನದಕ್ಕೂ ಹಿಂದಿನದಕ್ಕೂ ಬಂದ ವ್ಯತ್ಯಾಸವನ್ನು ಐದರಿಂದ ಭಾಗಿಸಿದರೆ ಸುತ್ತಳತೆಯ ವ್ಯತ್ಯಾಸ ಸಿಕ್ಕಿತು. ನವೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಹರಡಿರುತ್ತದೆ. ಮಳೆಗೆ ಮೊದಲು, ಏಪ್ರಿಲ್ ಮೇ ತಿಂಗಳು ಈ ಕೆಲಸಕ್ಕೆ ಅನುಕೂಲ.

ಹೆಜ್ಜೆ 4: ಮಿತಿ ಎಷ್ಟು ತಿಳಿಯಿರಿ

ಓನರ್ಸ್ ಮ್ಯಾನುಯಲ್ ತೆಗೆದು ಟೈರಿನ ಅಧ್ಯಾಯ ಓದಿ. ಅಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಜಪಾನಿನ ಸುಬಾರು ಬಹಳ ಬಿಗಿ, ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬೇಡ ಅನ್ನುತ್ತದೆ. ಅಂದರೆ ಬಟನ್ ಲೆಕ್ಕದಲ್ಲಿ ಬರೀ ಒಂದು ಮಿ.ಮೀ. ಇನ್ನು ಕೆಲವರು 3 ಮಿ.ಮೀ. ತನಕ ಒಪ್ಪುತ್ತಾರೆ. ಎಷ್ಟೋ ಮ್ಯಾನುಯಲ್‌ಗಳಲ್ಲಿ ಅಂಕಿಯೇ ಇರುವುದಿಲ್ಲ. "ನಾಲ್ಕೂ ಒಂದೇ ಅಳತೆ, ಒಂದೇ ಕಂಪನಿ, ಒಂದೇ ಸವೆತ ಇರಲಿ" ಎಂಬ ಸಾಲು ಮಾತ್ರ ಇರುತ್ತದೆ.

ಅಂಕಿ ಇಲ್ಲದಿದ್ದರೆ ನಾನು ಹೇಳುವ ಮಿತಿ ಇದು:

- ಹೊಸ ಟೈರಿಗೂ ಉಳಿದವಕ್ಕೂ ವ್ಯತ್ಯಾಸ 1.5 ಮಿ.ಮೀ. ಒಳಗಿದ್ದರೆ ಒಂದೇ ಹಾಕಿಸಿ.
- 1.5ರಿಂದ 2.5 ಮಿ.ಮೀ. ನಡುವೆ ಇದ್ದರೆ ಶೋರೂಮಿನ ಸರ್ವಿಸ್ ವಿಭಾಗಕ್ಕೆ ಅಂಕಿಗಳನ್ನು ಬರೆದು ಕಳಿಸಿ, ಬರಹದಲ್ಲೇ ಉತ್ತರ ಕೇಳಿ. ವಾರಂಟಿ ಇರುವ ಗಾಡಿಗೆ ಇದು ತುಂಬಾ ಮುಖ್ಯ.
- 2.5 ದಾಟಿದರೆ ನಾಲ್ಕೂ.
- ಉಳಿದ ಮೂರರಲ್ಲಿ 3.5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕವೇ ಬೇಡ, ನಾಲ್ಕೂ ಹಾಕಿಸಿ.

ಕೊನೆಯದು ಯಾಕೆ ಅಂದರೆ, ಕಾರಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಆದರೂ ಆಗುಂಬೆ, ಶೃಂಗೇರಿ, ಕೊಟ್ಟಿಗೆಹಾರದ ಮಳೆಯಲ್ಲಿ ಓಡುವ ಗಾಡಿಗೆ 3 ಮಿ.ಮೀ.ಗೆ ಇಳಿದ ಟೈರ್ ಸಾಲದು. ರಸ್ತೆಯ ಮೇಲಿನ ನೀರನ್ನು ಹೊರಹಾಕುವಷ್ಟು ಕಾಲುವೆ ಅದರಲ್ಲಿ ಉಳಿದಿರುವುದಿಲ್ಲ. ಮುಂದಿನ ಜೂನ್‌ಗೆ ಹೇಗಿದ್ದರೂ ಬದಲಾಯಿಸಬೇಕಾದ ಟೈರುಗಳ ನಡುವೆ ಒಂದು ಹೊಸದನ್ನು ಸಿಕ್ಕಿಸಿದರೆ ದುಡ್ಡು ಉಳಿಯುವುದಿಲ್ಲ.

ಹೆಜ್ಜೆ 5: "ಜೋಡಿ ಹಾಕಿಸಿ" ಎಂಬ ಮಾತನ್ನು ಪರೀಕ್ಷಿಸಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿಗಳಲ್ಲಿ ಅತಿ ಹೆಚ್ಚು ಕೇಳುವ ಸಲಹೆ ಇದೇ. ಎರಡೇ ಚಕ್ರಕ್ಕೆ ಎಳೆತ ಇರುವ ಸ್ವಿಫ್ಟ್, ಬೊಲೆರೋ, ಇನ್ನೋವಾಗೆ ಇದು ಒಳ್ಳೆಯ ಸಲಹೆ. ಆಲ್ ವೀಲ್ ಡ್ರೈವ್‌ಗೆ ಕೆಲವೊಮ್ಮೆ ಇದೇ ಕೆಟ್ಟದ್ದು.

ಉಳಿದ ಟೈರುಗಳು 5 ಮಿ.ಮೀ. ಇವೆ, ಹೊಸದು 8 ಎಂದಿಟ್ಟುಕೊಳ್ಳಿ. ಹಿಂದಿನ ಆಕ್ಸಲ್‌ಗೆ ಒಂದೇ ಹೊಸದು ಹಾಕಿದರೆ ಆ ಆಕ್ಸಲ್‌ನ ಸರಾಸರಿ 6.5. ಮುಂದಿನದು 5. ನಡುವಿನ ಕಪ್ಲಿಂಗ್ ಕಾಣುವ ವ್ಯತ್ಯಾಸ 1.5 ಮಿ.ಮೀ.ಗೆ ಸಮ. ಈಗ ಹಿಂದೆ ಎರಡೂ ಹೊಸದು ಹಾಕಿ. ಹಿಂದೆ 8, ಮುಂದೆ 5. ಕಪ್ಲಿಂಗ್ ಪಾಲಿಗೆ ವ್ಯತ್ಯಾಸ 3. ಒಳ್ಳೆಯದಾಗಲಿ ಎಂದು ಒಂದು ಟೈರಿನ ದುಡ್ಡು ಜಾಸ್ತಿ ಕೊಟ್ಟು, ಕಪ್ಲಿಂಗ್ ಮೇಲಿನ ಹೊರೆಯನ್ನು ಎರಡು ಪಟ್ಟು ಮಾಡಿದಂತಾಯಿತು.

ಹಾಗಂತ ಒಂದೇ ಹಾಕುವುದೂ ಸರಿಯಲ್ಲ. 3 ಮಿ.ಮೀ. ವ್ಯತ್ಯಾಸದ ಎರಡು ಟೈರ್ ಒಂದೇ ಆಕ್ಸಲ್‌ನಲ್ಲಿದ್ದರೆ ಆ ಆಕ್ಸಲ್‌ನ ಹೌಸಿಂಗ್ ಒಳಗಿನ ಸಣ್ಣ ಡಿಫರೆನ್ಷಿಯಲ್ ಗೇರುಗಳಿಗೆ ವಿಶ್ರಾಂತಿಯೇ ಇಲ್ಲ. ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದವು ನೇರ ರಸ್ತೆಯಲ್ಲೂ ತಿರುಗುತ್ತಿರುತ್ತವೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಎಡ ಬಲ ಹಿಡಿತ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಒಂದೇ ಟೈರ್ ಎಂಬುದು ಸಣ್ಣ ವ್ಯತ್ಯಾಸಕ್ಕೆ ಮಾತ್ರ.

ಹಾಗಾದರೆ ಜೋಡಿ ಯಾವಾಗ? ಒಂದೇ ಆಕ್ಸಲ್‌ನ ಎರಡೂ ಟೈರ್ ಹೋಗಿ, ಇನ್ನೊಂದು ಆಕ್ಸಲ್‌ನವು ಬಹುತೇಕ ಹೊಸದಾಗಿದ್ದಾಗ. ಅಂದರೆ 6.5 ಮಿ.ಮೀ. ಮೇಲೆ. ಇಲ್ಲವೇ ಗಾಡಿ ಪಾರ್ಟ್ ಟೈಮ್ ಆಗಿದ್ದಾಗ.

ಒಂದೇ ಹೊಸದು ಹಾಕುವಾಗ, ಉಳಿದವುಗಳಲ್ಲಿ ಹೆಚ್ಚು ಬಟನ್ ಇರುವುದನ್ನು ಅದರ ಜೊತೆ ಅದೇ ಆಕ್ಸಲ್‌ಗೆ ಹಾಕಿಸಿ. ಆ ಜೋಡಿ ಹಿಂದೆ ಇರಲಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ, ಅದನ್ನು ಹಿಡಿತಕ್ಕೆ ತರುವುದು ಕಷ್ಟ. ಮ್ಯಾನುಯಲ್ ಬೇರೆ ಹೇಳಿದರೆ ಅದನ್ನು ಪಾಲಿಸಿ.

ಹೆಜ್ಜೆ 6: ಸ್ಟೆಪ್ನಿಯನ್ನು ಲೆಕ್ಕಕ್ಕೆ ತನ್ನಿ

ನಾಲ್ಕು ಟೈರಿನ ಖರ್ಚು ನೆನೆದು ಎದೆ ಧಸಕ್ ಅನ್ನುವವರು ಡಿಕ್ಕಿ ತೆರೆದು ನೋಡಿ. ಸ್ಟೆಪ್ನಿ ಪೂರ್ತಿ ಅಳತೆಯದಾಗಿದ್ದು, ಅದೇ ಪ್ಯಾಟರ್ನ್ ಆಗಿದ್ದು, ಒಂದೂ ಕಿಲೋಮೀಟರ್ ಓಡದೆ ಮಲಗಿದ್ದರೆ ಅದೇ ನಿಮ್ಮ ನಾಲ್ಕನೇ ಹೊಸ ಟೈರ್. ಮೂರು ಕೊಂಡರೆ ಸಾಕು. ಹಳೆಯದರಲ್ಲಿ ಒಳ್ಳೆಯದೊಂದನ್ನು ಸ್ಟೆಪ್ನಿ ಮಾಡಿ.

ಆದರೆ ವಯಸ್ಸು ನೋಡಿ. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿ ಇರುತ್ತದೆ. 2323 ಎಂದಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದು, ಬಿರುಕು ಬಿಟ್ಟಿದ್ದರೆ ಓಡದಿದ್ದರೂ ಅದು ಹಳೆಯ ಟೈರೇ. ಚಕ್ರದ ಅಳತೆಯೂ ನೋಡಿ. ಎಷ್ಟೋ ಗಾಡಿಗಳಲ್ಲಿ ಈಗ ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿ ಬರುತ್ತದೆ. ಅದು ಪಂಕ್ಚರ್ ಅಂಗಡಿ ತಲುಪಲು ಮಾತ್ರ. ಅದರ ಮೇಲೆ ಬರೆದ ವೇಗ ಮೀರದೆ, ಮುಂದೆ ಹಿಂದೆ ಕಟ್ಟಿಹಾಕುವ ಲಾಕ್ ಮೋಡ್ ಹಾಕದೆ, ಹತ್ತಿರದ ಊರಿನವರೆಗೆ ಹೋಗಿ.

ಇನ್ನೊಂದು ದಾರಿ, ಅದೇ ಸವೆತದ ಬಳಸಿದ ಟೈರ್. ಹೊಸ ಗಾಡಿ ಕೊಂಡ ಕೂಡಲೇ ದೊಡ್ಡ ಟೈರ್ ಹಾಕಿಸಿಕೊಳ್ಳುವವರು ಬಿಟ್ಟುಹೋದ ಟೈರುಗಳು ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಕಂಪನಿ, ಪ್ಯಾಟರ್ನ್, ಅಳತೆ ಒಂದೇ ಇರಬೇಕು. ಒಳಗಡೆ ಪ್ಯಾಚ್ ಇರಬಾರದು. ವಿದೇಶದಲ್ಲಿ ಹೊಸ ಟೈರನ್ನೇ ಯಂತ್ರದಿಂದ ಹೆರೆದು ಹಳೆಯದಕ್ಕೆ ಸಮ ಮಾಡಿಕೊಡುತ್ತಾರೆ. ನಮ್ಮ ಕಡೆ ಅದನ್ನು ನಂಬಿ ಕೂರುವ ಹಾಗಿಲ್ಲ. ಜೀಪುಗಳಿಗೆ ರಿಸೋಲ್ (ಹಳೆಯ ಟೈರಿಗೆ ಹೊಸ ಬಟನ್ ಅಂಟಿಸುವುದು) ಹಾಕಿಸುವ ರೂಢಿ ಇದೆ, ಆದರೆ ಆಲ್ ವೀಲ್ ಡ್ರೈವ್ ಗಾಡಿಯ ಒಂದು ಚಕ್ರಕ್ಕೆ ರಿಸೋಲ್ ಟೈರ್ ಖಂಡಿತ ಬೇಡ.

ಕೊಳ್ಳುವಾಗ ಅಂಕಿ ಒಂದೇ ಇದ್ದರೆ ಸಾಲದು ಎಂಬುದೂ ನೆನಪಿರಲಿ. ಎರಡು ಕಂಪನಿಗಳ 215/60 ಆರ್17 ಟೈರುಗಳ ನಿಜವಾದ ಸುತ್ತಳತೆ ಬೇರೆ ಬೇರೆ ಇರಬಹುದು. ಅದೇ ಪ್ಯಾಟರ್ನ್ ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರು ಅಥವಾ ಮಂಗಳೂರಿನಿಂದ ತರಿಸಿ. "ಇದೂ ಅದೇ ಸೈಜ್ ಸಾರ್" ಎಂಬ ಮಾತಿಗೆ ಒಪ್ಪಬೇಡಿ.

ಮೂರು ಲೆಕ್ಕ ಮಾಡಿ ನೋಡೋಣ

ಬೇಲೂರಿನ ಒಂದು ಗ್ರಾಂಡ್ ವಿಟಾರಾ ಆಲ್‌ಗ್ರಿಪ್. ಮೂರು ಟೈರ್ 6.8 ಮಿ.ಮೀ., ಒಂದು ಸೀಳಿದೆ. ಹೊಸದು 8. ವ್ಯತ್ಯಾಸ 1.2. ಅದೇ ಪ್ಯಾಟರ್ನ್‌ನ ಒಂದು ಟೈರ್ ಹಾಕಿಸಿ, ನಿಶ್ಚಿಂತೆಯಿಂದ ಹೋಗಿ.

ಆಲ್ದೂರಿನ ಒಂದು ಕಂಪಾಸ್. ಮುಂದೆ ಉಳಿದದ್ದು 4.2, ಹಿಂದೆ ಎರಡೂ 5. ಹೊಸದು 8. ಯಾವ ಆಕ್ಸಲ್‌ಗೆ ಜೋಡಿ ಹಾಕಿದರೂ ವ್ಯತ್ಯಾಸ 3ರ ಸುತ್ತಮುತ್ತ ಅಥವಾ ಅದಕ್ಕೂ ಜಾಸ್ತಿ. ನಾಲ್ಕೂ ಬೇಕು. ಸ್ಟೆಪ್ನಿ ಪೂರ್ತಿ ಅಳತೆಯ ಹೊಸದಾಗಿದ್ದರೆ ಮೂರು ಸಾಕು.

ಸಕಲೇಶಪುರದ ಒಂದು ಥಾರ್, ಹಿಂದಿನ ಒಂದು ಟೈರ್ ಹೋಗಿದೆ, ಉಳಿದವು 6. ಟಾರ್ ರಸ್ತೆಯಲ್ಲಿ ಯಾವಾಗಲೂ ಟೂ ಎಚ್. ಇಲ್ಲಿ ಹಿಂದಕ್ಕೆ ಜೋಡಿ ಹಾಕಿಸಿದರೆ ಆಗುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಲಾಕಿಂಗ್ ಡಿಫರೆನ್ಷಿಯಲ್ ಇದ್ದರೆ ಅಲ್ಲಿ ಒಂಟಿ ಹೊಸದು ಬೇಡ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ಎಚ್ ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಮಾತ್ರ. ಅಲ್ಲಿ ಚಕ್ರ ಸ್ವಲ್ಪ ಜಾರಿ ಒತ್ತಡ ಬಿಡಿಸಿಕೊಳ್ಳುತ್ತದೆ. ಸಿಮೆಂಟ್ ಏರಿನಲ್ಲಿ ಹಾಕಿ ಲಿವರ್ ಕಚ್ಚಿಕೊಂಡರೆ ಎಳೆದು ಜಗ್ಗಬೇಡಿ, ನೆಟ್ಟಗೆ ಸ್ವಲ್ಪ ರಿವರ್ಸ್ ಬನ್ನಿ, ಬಿಡುತ್ತದೆ.

ಹೆಜ್ಜೆ 7: ಹಾಕಿಸಿದ ಮೇಲೆ

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅವತ್ತೇ ಮುಗಿಸಿ. ಬಾಗಿಲ ಕಂಬದ ಸ್ಟಿಕರ್ ನೋಡಿ, ಟೈರ್ ತಣ್ಣಗಿರುವಾಗ ಗಾಳಿ ತುಂಬಿಸಿ. ಆಮೇಲೆ ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಎರಡೂ ಕಡೆಗೆ ಸುತ್ತು ಹಾಕಿ. ಗಾಡಿ ತಡೆತಡೆದು ಕುಪ್ಪಳಿಸಿದರೆ, ಅಡಿಯಿಂದ ಗುಂಯ್ ಎಂಬ ಸದ್ದು ಬಂದರೆ, ಆಲ್ ವೀಲ್ ಡ್ರೈವ್ ದೀಪ ಹತ್ತಿದರೆ ಮತ್ತೆ ಅಳೆಯಿರಿ. ಟೈರ್ ಸಮ ಇದ್ದೂ ಹೀಗಾದರೆ ಕಪ್ಲಿಂಗ್ ಎಣ್ಣೆ ನೋಡಿಸಬೇಕು.

ಇನ್ನು ಮುಂದೆ 8,000ದಿಂದ 10,000 ಕಿ.ಮೀ.ಗೊಮ್ಮೆ ರೊಟೇಷನ್, ಅಂದರೆ ಟೈರುಗಳ ಜಾಗ ಅದಲುಬದಲು ಮಾಡಿಸಿ. ಪೂರ್ತಿ ಅಳತೆಯ ಸ್ಟೆಪ್ನಿ ಇದ್ದರೆ ಐದನ್ನೂ ಸೇರಿಸಿ ತಿರುಗಿಸಿ. ತೋಟದ ದಾರಿಯಲ್ಲಿ ಓಡುವವರಿಗೆ ಇದಕ್ಕಿಂತ ಲಾಭದ ಅಭ್ಯಾಸ ಇಲ್ಲ. ಐದೂ ಒಂದೇ ಸಮ ಸವೆಯುತ್ತಿದ್ದರೆ, ಕೂಳೆ ಹೊಡೆದು ಒಂದು ಹೋದ ದಿನ ಅದೇ ಆಳದ ಇನ್ನೊಂದು ಡಿಕ್ಕಿಯಲ್ಲೇ ಸಿದ್ಧವಾಗಿರುತ್ತದೆ. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರುಗಳನ್ನು ಮಾತ್ರ ಆಯಾ ಪಕ್ಕದಲ್ಲೇ ಮುಂದೆ ಹಿಂದೆ ಬದಲಿಸಿ. ಪ್ರತಿ ಸಲ ಐದರ ಆಳವನ್ನೂ ಕಿಲೋಮೀಟರ್ ಸಮೇತ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆಸಿ. ಅಂಗಡಿಯವರು ಬರೆಯದಿದ್ದರೆ ನೀವೇ ಬರೆದುಕೊಳ್ಳಿ.